ಹಂಚಿನ ಮನೆಯ ಅಟ್ಟ ರೂಮ್ ಆಗ್ತಿದೆ, ಕೆಳಗೆ ನಾವಿದ್ದೇವೆ! ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಮ್ಮದು ಹಳೆಯ ಮಂಗಳೂರು ಹಂಚಿನ ಮನೆ. ಮಗಳ ಓದಿಗೆ ಅಂತ ಅಟ್ಟವನ್ನೇ ರೂಮ್ ಮಾಡಿಸುತ್ತಿದ್ದೇವೆ. ಹಲಗೆ ಸಂದಿಯಿಂದ ಧೂಳು ಸುರಿದು ರೊಟ್ಟಿ ಹಿಟ್ಟಿನಲ್ಲೂ ಮಣ್ಣು! ತಾಡಪತ್ರಿ ಕಟ್ಟಿದೆವು, ಒಲೆಯನ್ನು ಹಿತ್ತಲಿಗೆ ಒಯ್ದೆವು. ಆದರೂ ಅತ್ತೆಯವರ ಕೆಮ್ಮು ನಿಂತಿಲ್ಲ.

ಈಗ ಚಾವಣಿ 2 ಅಡಿ ಎತ್ತರಿಸಬೇಕು. ಗೌಂಡಿ ಹೇಳುವುದು, ಹಂಚು ಒಮ್ಮೆಲೇ ಇಳಿಸೋಣ, 15 ದಿನ ಬೇರೆ ಕಡೆ ಇರಿ ಅಂತ. ಬಡಿಗೇರರು ಅರ್ಧರ್ಧ ಮಾಡೋಣ, ಮನೆ ಬಿಡೋದು ಬೇಡ ಅನ್ನುತ್ತಾರೆ. ಇಬ್ಬರೂ ಅನುಭವಸ್ಥರೇ, ಯಾರನ್ನು ನಂಬೋದು? ಮೇ ಮುಗಿಯುತ್ತಾ ಬಂತು. ಜೂನ್‌ನಲ್ಲಿ ನಮ್ಮೂರ ಜಿಟಿಜಿಟಿ ಮಳೆ ಗೊತ್ತಲ್ವಾ.

ಮನೆಯಲ್ಲೇ ಇದ್ದು ಹೀಗೆ ಮಾಡಿಸಿದವರು ಇದ್ದೀರಾ? ಅರ್ಧರ್ಧ ಎತ್ತರಿಸಿದರೆ ನಡುವಿನ ಜೋಡು ಆಮೇಲೆ ಸೋರುತ್ತದಾ, ಇಲ್ಲವಾ?