ಒಂದು ಹನಿ ರಕ್ತ, ನೂರೆಂಟು ಮೆಸೇಜು

ನಮ್ಮ ‘ಗುಬ್ಬಿ ಬಳಗ’ ಗುಂಪಿನಲ್ಲಿ ನಡೆದದ್ದು. ಹೆಸರು ಬದಲಿಸಿದ್ದೇನೆ, ಇಲ್ಲದಿದ್ದರೆ ಮುಂದಿನ ಮದುವೆಗೆ ಕರೆಯುವುದಿಲ್ಲ.

ಸರೋಜ ಚಿಕ್ಕಮ್ಮ (ಫಾರ್ವರ್ಡ್): ಒಂದು ಹನಿ ರಕ್ತದಲ್ಲಿ ಸ್ತನ ಕ್ಯಾನ್ಸರ್ ಪತ್ತೆ!! ಮೈಕ್ರೋ ಆರ್‌ಎನ್‌ಎ ಟೆಸ್ಟ್. ನೊಬೆಲ್ ಬಂದಿದೆ. ಸ್ಕ್ಯಾನ್ ಬೇಡ, ಬಯಾಪ್ಸಿ ಬೇಡ. ಎಲ್ಲ ಹೆಣ್ಣುಮಕ್ಕಳಿಗೆ ಕಳಿಸಿ.

ಸರೋಜ ಚಿಕ್ಕಮ್ಮ: ಮೂವತ್ತರ ಹುಡುಗಿಯರಿಗೂ ಬರುತ್ತಿದೆಯಂತೆ. ನಮ್ಮವರೂ ಒಂದ್ಸಲ ಮಾಡಿಸಿಬಿಡಿ.

ದೊಡ್ಡಪ್ಪ: ರಾತ್ರಿಯೆಲ್ಲ ಮೊಬೈಲು, ಹೊರಗಿನ ಊಟ. ಬರದೆ ಇನ್ನೇನು? ನಮ್ಮಮ್ಮ ಮುದ್ದೆ ತಿಂದು ತೊಂಬತ್ತು ದಾಟಲಿಲ್ಲವೇ?

ಕಿರಣ: ಮೂಲ ಎಲ್ಲಿದೆ ಚಿಕ್ಕಮ್ಮ? ಯಾವ ಆಸ್ಪತ್ರೆ? ಎಷ್ಟು ಜನರ ಮೇಲೆ ಮಾಡಿದ್ದಾರೆ?

ಸರೋಜ ಚಿಕ್ಕಮ್ಮ: 2020ರಲ್ಲಿ ನನ್ನ ಕಷಾಯಕ್ಕೂ ಮೂಲ ಕೇಳಿದ್ದೆ. ಎರಡು ಲೋಟ ಕುಡಿದವನೂ ನೀನೇ.

ದಿವ್ಯಾ: ನೊಬೆಲ್ ಬಂದಿದ್ದು ನಿಜ. 2024ರಲ್ಲಿ, ಆಂಬ್ರೋಸ್ ಮತ್ತು ರುವ್ಕುನ್ ಅವರಿಗೆ. ಅದು ಮೈಕ್ರೋ ಆರ್‌ಎನ್‌ಎ ಕಂಡುಹಿಡಿದಿದ್ದಕ್ಕೆ (ಜೀನ್‌ಗಳ ಕೆಲಸ ಹತೋಟಿಯಲ್ಲಿಡುವ ಪುಟ್ಟ ಅಣು ಅದು), ಈ ಟೆಸ್ಟಿಗಲ್ಲ. 1993ರಲ್ಲಿ ಅವರು ಅದನ್ನು ನೋಡಿದ್ದು ಒಂದು ಮಿಲಿಮೀಟರಿನ ಹುಳುವಿನಲ್ಲಿ.

ಮಂಜ: ಹುಳು ಅಂದರೆ ಅಜ್ಜಿಮನೆ ಅವರೆಕಾಯಿ ನೆನಪಾಯ್ತು! ಸುಲಿಯುವಾಗ ಹುಳು ಕಂಡರೆ ದಿವ್ಯಾ ಜಗಲಿ ಹಾರಿ ಓಡುತ್ತಿದ್ದಳು.

ದೊಡ್ಡಪ್ಪ: ಹೊಲ ಭಾಗವಾದ ಮೇಲೆ ಆ ಅವರೆ ಯಾರ ಮನೆಗೆ ಹೋಯಿತು ಎಂದು ನಾನು ಕೇಳಿಲ್ಲ.

ಸರೋಜ ಚಿಕ್ಕಮ್ಮ: ಕೇಳಿಲ್ಲ ಎಂದು ವರ್ಷಕ್ಕೊಮ್ಮೆ ಹೇಳುತ್ತೀರಿ ಭಾವ.

ಇಲ್ಲಿಂದ ಮುಂದೆ ಸುಮಾರು ಹೊತ್ತು ಬರೀ ಹೊಲದ್ದೇ ಮಾತು. ಬಿಟ್ಟಿದ್ದೇನೆ.

ದಿವ್ಯಾ: ಯಾರಾದರೂ ಓದುತ್ತಿದ್ದೀರಾ? ಮಿರ್-21 ಅನ್ನುವ ಒಂದು ಮೈಕ್ರೋ ಆರ್‌ಎನ್‌ಎ ಸ್ತನ ಕ್ಯಾನ್ಸರ್‌ನಲ್ಲಿ ಜಾಸ್ತಿಯಾಗುತ್ತದೆ. ಆದರೆ ಬೇರೆ ಕ್ಯಾನ್ಸರ್‌ಗಳಲ್ಲೂ, ಉರಿಯೂತದಲ್ಲೂ ಜಾಸ್ತಿಯಾಗುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೂ ಇಂಥ ಲೆಕ್ಕ ತಪ್ಪಬಹುದು. ಅದಕ್ಕೇ ಹಲವು ಮೈಕ್ರೋ ಆರ್‌ಎನ್‌ಎಗಳನ್ನು ಒಟ್ಟಿಗೆ ನೋಡುವ ಸಂಶೋಧನೆ ನಡೆಯುತ್ತಿದೆ. ಗಂಟಿನ ತುಣುಕು ತೆಗೆದು ನೋಡುವ ಬಯಾಪ್ಸಿ ಬೇಡ ಅನ್ನುವ ಹಂತಕ್ಕೆ ಬಂದಿಲ್ಲ.

ದಿವ್ಯಾ: ಚಿಕ್ಕಮ್ಮ ಹೆದರಿದ್ದು ಸುಮ್ನೆ ಅಲ್ಲ. ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟ. ಮ್ಯಾಮೊಗ್ರಾಮಿನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಅದೂ ಬಿಳಿ, ಗಂಟೂ ಬಿಳಿ. ಹಾಗಾಗಿ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಗಂಟು ಕೈಗೆ ಸಿಕ್ಕರೆ ಫಾರ್ವರ್ಡ್ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ದೊಡ್ಡಪ್ಪ: ಗಂಡಸರಿರುವ ಗುಂಪಿನಲ್ಲಿ ಈ ಮಾತೆಲ್ಲ ಬೇಕೇ?

ದಿವ್ಯಾ: ಅಪರೂಪಕ್ಕೆ ಗಂಡಸರಿಗೂ ಬರುತ್ತದೆ ದೊಡ್ಡಪ್ಪ.

ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ನಮ್ಮ ಗುಂಪಿಗೆ ಇದೇ ದಾಖಲೆ.

ಮಂಜ: ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಬರುವವರು ಕೈ ಎತ್ತಿ.

ಕಿರಣ: ಬಿಲ್ ಯಾರದು?

ಸರೋಜ ಚಿಕ್ಕಮ್ಮ: ದಿವ್ಯಾ, ಆ ಫಾರ್ವರ್ಡ್ ಕೆಳಗೊಂದು ಲಿಂಕ್ ಇತ್ತು ಅಲ್ವಾ. ಮೂರು ಜನಕ್ಕೆ ದುಡ್ಡು ಕಟ್ಟಿಬಿಟ್ಟೆ. ವಾಪಸ್ ಬರುತ್ತದಾ?