ದೊಡ್ಡವರಾದ ಮೇಲೆ ಕಲಿಯೋಕೆ ಯಾವ ವಿದೇಶಿ ಭಾಷೆ ಆರಿಸೂದು? ಗೊತ್ತಿದ್ದವರು ಹೇಳಿ

ಸಿರ್ಸಿ_ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಂಗೆ 38 ವರ್ಷ, ಸಿರ್ಸಿ ಹತ್ರ ಮನೆ, ಬೆಂಗಳೂರಿನ ಕಂಪನಿಗೆ ಮನೇಲೇ ಕೂತ್ಕಂಡು ಅಕೌಂಟ್ಸ್ ಕೆಲಸ ಮಾಡ್ತೇನೆ. ಮಗ ಹೈಸ್ಕೂಲಿಗೆ ಬಂದ, ಹಾಗಾಗಿ ರಾತ್ರಿ ಊಟ ಆದ್ಮೇಲೆ ಒಂದ್ ತಾಸು ನಂದೇ ಅಂತ ಸಿಗ್ತದೆ. ಅದ್ರಲ್ಲಿ ಒಂದು ಹೊರದೇಶದ ಭಾಷೆ ಕಲೀಬೇಕು ಅಂತ ಬಹಳ ದಿನದ ಆಸೆ. ಕನ್ನಡ ಇಂಗ್ಲಿಷ್ ಹಿಂದಿ ಬರ್ತದೆ, ಕೊಂಕಣಿ ಕೇಳಿದ್ರೆ ಅರ್ಥ ಆಗ್ತದೆ.

ಯಾವ್ದು ಅಂತ ಆರಿಸೂದೇ ಆಗ್ತಾ ಇಲ್ಲ. ಯೂಟ್ಯೂಬ್ ನೋಡಿದ್ರೆ ಒಬ್ರು ಸ್ಪ್ಯಾನಿಷ್ ಅಂತಾರೆ, ಇಪ್ಪತ್ತು ದೇಶದಲ್ಲಿ ನಡೀತದೆ ಅಂತ, ಇನ್ನೊಬ್ರು ಚೈನೀಸ್ ಅಂತಾರೆ, ಜರ್ಮನ್ ಕಲ್ತ್ರೆ ಕೆಲಸ ಅಂತೆ, ಫ್ರೆಂಚ್ ಕಲ್ತ್ರೆ ಕೆನಡಾ ಅಂತೆ, ಜಪಾನೀಸ್ ಕಲ್ತ್ರೆ ಸಂಬಳ ಜಾಸ್ತಿ ಅಂತೆ. ನಾನಂತೂ ಊರು ಬಿಟ್ಟು ಹೋಗೂದಿಲ್ಲ, ಅತ್ತೆ ಮಾವ ಇಲ್ಲೇ ಇದ್ದಾರೆ, ತೋಟ ಅದೆ. ಆದ್ರೂ ಶುರು ಮಾಡಿದ್ರೆ ಅರ್ಧಕ್ಕೆ ನಿಲ್ಲಬಾರ್ದು ಅಂತ ಮನಸ್ಸಲ್ಲಿ ಅದೆ. ಕಲ್ತವರು ಯಾರಾದ್ರೂ ಇದ್ರೆ ಯಾವ್ದು ಬೆಸ್ಟ್ ಅಂತ ಹೇಳ್ತೀರಾ?

ಕೋಡಿಬಾಗ_ನರ್ಸ್:

ಅಕ್ಕಾ, ನಾನು ಕಾರವಾರದವ, ಸ್ಟಾಫ್ ನರ್ಸ್, ಜರ್ಮನ್ ಬಿ1 ಆಗಿದೆ, ಬಿ2ಗೆ ಓದ್ತಾ ಇದ್ದೇನೆ (ಭಾಷೆ ಎಷ್ಟು ಬರ್ತದೆ ಅನ್ನೋ ಮಟ್ಟ ಅದು, ಎ1, ಎ2, ಬಿ1, ಬಿ2 ಅಂತ ಮೇಲೆ ಹೋಗ್ತದೆ). ನಮ್ಮ ಫೀಲ್ಡಲ್ಲಿ ಅಲ್ಲಿ ಪೂರ್ತಿ ನರ್ಸ್ ಅಂತ ಮಾನ್ಯತೆ ಸಿಗ್ಬೇಕಾದ್ರೆ ಸಾಮಾನ್ಯವಾಗಿ ಬಿ2 ಕೇಳ್ತಾರೆ, ಅದಕ್ಕೇ ಜಿಲ್ಲೆಯ ಎಷ್ಟೋ ಹುಡುಗ ಹುಡುಗಿಯರು ಡ್ಯೂಟಿ ಮುಗಿಸಿ ಆನ್‌ಲೈನ್ ಕ್ಲಾಸಿಗೆ ಕೂತ್ಕೊಳ್ತಾರೆ. ಪರೀಕ್ಷೆಗೆ ನಾವು ಪಂಚಗಂಗಾ ರೈಲಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಬೆಂಗಳೂರಿಗೆ ಇಳ್ದು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಅನ್ನೋ ಜರ್ಮನ್ ಭಾಷಾ ಕೇಂದ್ರಕ್ಕೆ ಹೋಗೂದು. ಓದೂದು, ಕೇಳೂದು, ಬರಿಯೂದು, ಮಾತಾಡೂದು ಅಂತ ನಾಲ್ಕು ಭಾಗ, ಒಂದೊಂದ್ರಲ್ಲೂ ನೂರಕ್ಕೆ 60 ಬೇಕು. ಬಿ1, ಬಿ2ದಲ್ಲಿ ಯಾವ ಭಾಗ ಹೋಯ್ತೋ ಅದನ್ನಷ್ಟೇ ಮತ್ತೆ ಬರೀಬಹುದು, ಅದೊಂದು ಸಮಾಧಾನ.

ಕಷ್ಟ ಅಂದ್ರೆ ಪ್ರತಿ ನಾಮಪದಕ್ಕೂ ಡೆರ್, ಡೀ, ಡಾಸ್ ಅಂತ ಲಿಂಗ, ಅದಕ್ಕೆ ಲೆಕ್ಕ ಗಿಕ್ಕ ಏನೂ ಇಲ್ಲ, ಮೇಜು ಗಂಡು ದೀಪ ಹೆಣ್ಣು, ಶಬ್ದದ ಜೊತೆಗೇ ಬಾಯಿಪಾಠ ಮಾಡ್ಬೇಕು. ಆದ್ರೆ ವಾಕ್ಯದೊಳಗೆ ಇನ್ನೊಂದು ವಾಕ್ಯ ಬಂದಾಗ ಕ್ರಿಯಾಪದ ಕೊನೆಗೆ ಹೋಗ್ತದೆ, ನಮ್ಮಲ್ಲಿ ಹಾಗೇ, ಅದಕ್ಕೆ ಇಂಗ್ಲಿಷ್ ಇಟ್ಕೊಂಡು ಯೋಚನೆ ಮಾಡೂದ್ ಬಿಟ್ರೆ ಬೇಗ ಕೂತ್ಕೊಳ್ತದೆ.

ಒಂದು ಮಾತು ಮಾತ್ರ ಖಂಡಿತ ಹೇಳ್ತೇನೆ. ನಮ್ಮ ಬ್ಯಾಚಲ್ಲಿ "ಸುಮ್ನೆ ಒಂದು ಭಾಷೆ ಇರ್ಲಿ" ಅಂತ ಸೇರಿದವರು ಎ2 ದಾಟ್ಲಿಲ್ಲ. ದಡ್ಡರು ಅಂತಲ್ಲ, ನಮಗಿಂತ ಹುಷಾರಿದ್ರು. ಇವತ್ತು ಓದದಿದ್ರೆ ನಾಳೆ ಅವರಿಗೆ ಏನೂ ನಷ್ಟ ಇರ್ಲಿಲ್ಲ, ಅಷ್ಟೇ. ಅದಕ್ಕೆ ಯಾವ ಭಾಷೆ ಬೆಸ್ಟ್ ಅಂತ ಕೇಳೂ ಮೊದಲು ಒಂದು ವರ್ಷ ಬಿಟ್ಟು ಯಾರ ಹತ್ರ ಮಾತಾಡ್ತೀರಿ, ಏನು ಓದ್ತೀರಿ ಅಂತ ನೋಡ್ಕೊಳ್ಳಿ.

ಸಿದ್ದಾಪುರ_ಜಪಾನಿ:

ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ. ನಂಗೆ ಜಪಾನೀಸ್ ಜೊತೆ ಕೆಲಸದ ಸಂಬಂಧ ಇಲ್ಲ, ಮಾತಾಡೋಕೆ ಜನ ಅಂತೂ ಇಲ್ವೇ ಇಲ್ಲ, ಆದ್ರೂ ವರ್ಷಗಟ್ಟಲೆ ನಡೀತಾ ಅದೆ, ಯಾಕಂದ್ರೆ ನಂಗೆ ಆ ಲಿಪಿ ಓದೂದೇ ಖುಷಿ. ಇಷ್ಟ ಅನ್ನೂದೂ ಒಂದು ಕಾರಣವೇ.

ಮತ್ತೆ ಈ "ಯಾವ ಭಾಷೆ ಸುಲಭ" ಅನ್ನೋ ಪಟ್ಟಿಗಳನ್ನ ನಂಬಬೇಡಿ. ಅವೆಲ್ಲ ಹೆಚ್ಚಾಗಿ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಕಲಿಸೋ ಲೆಕ್ಕದಿಂದ ಬಂದದ್ದು, ಸ್ಪ್ಯಾನಿಷಿಗೆ 600ರಿಂದ 750 ತಾಸು, ಜಪಾನೀಸ್, ಅರಬಿ, ಚೈನೀಸಿಗೆ 2200 ತಾಸು, ಜರ್ಮನ್ ಇವೆರಡರ ಮಧ್ಯೆ. ಆದ್ರೆ ಅದು ಇಂಗ್ಲಿಷ್ ಮಾತೃಭಾಷೆ ಇದ್ದವರ ಲೆಕ್ಕ! ಕನ್ನಡದವರಿಗೆ ಅದು ಹಾಗೇ ಅನ್ವಯ ಆಗೂದಿಲ್ಲ. "ಕಾರವಾರ ನಿ ಇಕಿಮಾಸು" ಅಂದ್ರೆ ಕಾರವಾರಕ್ಕೆ ಹೋಗ್ತೇನೆ. ನಮ್ಮ ವಿಭಕ್ತಿ ಎಲ್ಲಿ ಕೂತ್ಕೊಳ್ತದೋ ಅಲ್ಲೇ ಅವರ "ನಿ" ಕೂತ್ಕೊಳ್ತದೆ, ಕ್ರಿಯಾಪದ ಕೊನೆಗೆ, "ನಾನು" ಅನ್ನೂದು ಬಿಟ್ರೂ ನಡೀತದೆ. ಅಕ್ಷರಮಾಲೆ ಕ ಕಿ ಕು ಕೆ ಕೊ ಅಂತ ಕಾಗುಣಿತದ ಹಾಗೇ ಹೋಗ್ತದೆ, ಆ ಕ್ರಮದ ಹಿಂದೆ ಬೌದ್ಧರ ಮೂಲಕ ಹೋದ ಸಂಸ್ಕೃತದ ವರ್ಣಮಾಲೆ ಅದೆ. ಅಮೆರಿಕದವರು ತಿಂಗಳುಗಟ್ಟಲೆ ಒದ್ದಾಡೂ ಜಾಗದಲ್ಲಿ ನಾವು ಆರಾಮಾಗಿ ದಾಟ್ತೇವೆ.

ಸುಲಭ ಅಂತ ಹೇಳ್ತಾ ಇಲ್ಲ ಮತ್ತೆ. ಕಾಂಜಿ ಅಂತ ಚಿತ್ರಲಿಪಿ ಅದೆ, ಅಲ್ಲಿಯ ಸರ್ಕಾರ ದಿನನಿತ್ಯದ ಬಳಕೆಗೆ ಅಂತ ಪಟ್ಟಿ ಮಾಡಿದ್ದೇ 2136. ಅಲ್ಲಿ ಯಾವ ಕನ್ನಡವೂ ಕೈ ಹಿಡಿಯೂದಿಲ್ಲ, ದಿನಾ ಬರ್ದು ಬರ್ದೇ ಆಗ್ಬೇಕು. ಇನ್ನೊಂದು, ಜಪಾನೀಸ್ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ ಸುಲಭದ ಎನ್5ರಿಂದ ಕಷ್ಟದ ಎನ್1ವರೆಗೆ ಜುಲೈ ಮತ್ತೆ ಡಿಸೆಂಬರಲ್ಲಿ ನಡೀತದಲ್ಲ, ಅದ್ರಲ್ಲಿ ಮಾತಾಡೋ ಪರೀಕ್ಷೆಯೇ ಇಲ್ಲ. ಸರ್ಟಿಫಿಕೇಟ್ ಕೈಲಿದ್ದವರಿಗೆ ಬಾಯಿ ಬಿಡೋಕೆ ಬರೂದಿಲ್ಲ, ಅಂಥವರು ಬಹಳ ಜನ ಇದ್ದಾರೆ.

ಕುಡ್ಲೆ_ಬೀಚ್:

ನಾನು ಗೋಕರ್ಣದಲ್ಲಿ ರೂಮ್ ನಡೆಸೂದು. ಸೀಸನ್ನಲ್ಲಿ ಇಸ್ರೇಲಿನ ಹುಡುಗರು ಬರ್ತಾರೆ, ಕಡ್ಡಾಯ ಮಿಲಿಟರಿ ಸರ್ವಿಸ್ ಮುಗಿಸಿ ತಿರುಗೋಕೆ ಹೊರಟವರು, ರಷ್ಯಾದವರು ಗೋವಾಕ್ಕೆ ಇಳ್ದು ಈ ಕಡೆ ಬರ್ತಾರೆ. ಹೀಬ್ರೂ, ರಷ್ಯನ್ ಎರಡೂ ನಂಗೆ ಕೇಳಿ ಕೇಳಿಯೇ ಬಂದದ್ದು, ರೂಮ್ ಬಾಡಿಗೆ, ಬಿಸಿನೀರು, ಸ್ಕೂಟರ್, ಸಮುದ್ರಕ್ಕೆ ಈಗ ಇಳೀಬೇಡಿ ಸೆಳೆತ ಅದೆ ಅನ್ನೂದು, ಇಷ್ಟು. ಓದೋಕೆ ಬರೂದಿಲ್ಲ. ಆದ್ರೆ ಸೆಳೆತದ ಮಾತನ್ನ ಅವರ ಭಾಷೆಯಲ್ಲಿ ಹೇಳಿದ್ರೆ ಕೂಡ್ಲೇ ನಿಲ್ತಾರೆ, ಇಂಗ್ಲಿಷಲ್ಲಿ ಹೇಳಿದ್ರೆ ನಕ್ಕು ಮುಂದೆ ಹೋಗ್ತಾರೆ, ಇದು ನಾನು ಕಣ್ಣಾರೆ ಕಂಡದ್ದು. ಮಳೆಗಾಲದಲ್ಲಿ ಯಾರೂ ಇಲ್ಲ, ಆಗ ಅರ್ಧ ಮರ್ತು ಹೋಗ್ತದೆ, ಮತ್ತೆ ದೀಪಾವಳಿ ಹೊತ್ತಿಗೆ ವಾಪಸ್ ಬರ್ತದೆ. ಎದುರಿಗೆ ಜನ ಬೇಕು ಅಂತ ನರ್ಸ್ ಹೇಳಿದ್ದು ಸರಿ.

ಭಟ್ಕಳ_ಬಂದರ್ ರೋಡ್:

ಅರಬಿ ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದ್ದೇನೆ. ನಮ್ಮಲ್ಲಿ ಮನೆಮಾತು ನವಾಯತಿಯನ್ನೇ ಆ ಲಿಪಿಯಲ್ಲಿ ಬರಿಯೂದು, ಓದೋಕೆ ಸಣ್ಣವರಿಂದ ಬರ್ತದೆ. ಆದ್ರೆ ಪುಸ್ತಕದ ಅರಬಿ ಬೇರೆ, ದುಬೈ ರಸ್ತೆಯಲ್ಲಿ ಮಾತಾಡೋ ಅರಬಿ ಬೇರೆ, ಈಜಿಪ್ಟಿನದು ಮತ್ತೂ ಬೇರೆ. ಅಲ್ಲಿ ಅಂಗಡಿ ಕೆಲಸಕ್ಕೆ ಹಿಂದಿ, ಮಲಯಾಳಂ, ಇಂಗ್ಲಿಷ್ ಇದ್ರೆ ಸಾಕು. ಸರ್ಕಾರಿ ಕಾಗದ ತುಂಬೋ ಟೈಪಿಂಗ್ ಸೆಂಟರ್ ಕೆಲಸಕ್ಕೆ, ಕಂಪನಿ ಪರವಾಗಿ ಸರ್ಕಾರಿ ಕಚೇರಿಗೆ ಓಡಾಡೋ ಪಿಆರ್‌ಓ ಕೆಲಸಕ್ಕೆ ಮಾತ್ರ ಅರಬಿ ಸರಿಯಾಗಿ ಬರ್ಬೇಕು. ಸಿರ್ಸಿಯಲ್ಲಿ ಇದ್ಕೊಂಡು ನಿಮಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಮಾಜಾಳಿ_ಗಡಿ:

ನಮ್ಮ ಪಕ್ಕದಲ್ಲೇ ಇರೋ ಪೋರ್ಚುಗೀಸ್ ಒಬ್ರಿಗೂ ನೆನಪಾಗ್ಲಿಲ್ಲ ನೋಡಿ. ಬ್ರೆಜಿಲ್ ಒಂದ್ರಲ್ಲೇ 20 ಕೋಟಿಗೂ ಮೇಲೆ ಜನ ಮಾತಾಡ್ತಾರೆ. ಕಲಿಸೂದು ಪಣಜಿಯಲ್ಲಿ ಅದೆ, ಗೋವಾ ವಿಶ್ವವಿದ್ಯಾಲಯದಲ್ಲೂ ಅದೆ. ಗೋವಾ 1961ರ ಡಿಸೆಂಬರ್ 19ಕ್ಕೆ ವಿಮೋಚನೆ ಆಯ್ತಲ್ಲ, ಅದಕ್ಕೂ ಹಿಂದಿನ ಜಾಗದ ಕಾಗದಪತ್ರ ಹೆಚ್ಚಿನವು ಪೋರ್ಚುಗೀಸಲ್ಲೇ, ಇವತ್ತಿಗೂ ಆಸ್ತಿ ಪಾಲು, ಮಾರಾಟ ಅಂತ ಬಂದ್ರೆ ಅದನ್ನ ಓದಿ ಹೇಳೋರು ಬೇಕು, ಹಳಬರು ಒಬ್ಬೊಬ್ರೇ ಹೋಗ್ತಾ ಇದ್ದಾರೆ.

ನನ್ನ ಆಸಕ್ತಿ ಬೇರೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಕಾಳುಮೆಣಸಿನ ರಾಣಿ ಅಂತ ಕರೆದವರು ಪೋರ್ಚುಗೀಸರೇ. ನಮ್ಮ ಹೊನ್ನಾವರ, ಭಟ್ಕಳ, ಮಿರ್ಜಾನದ 16ನೇ ಶತಮಾನದ ವ್ಯಾಪಾರ, ಜಗಳ, ಒಪ್ಪಂದ ಎಷ್ಟೋ ಅವರ ಕಾಗದಗಳಲ್ಲಿ ಕೂತಿದೆ. ನಾವು ಅದನ್ನ ಓದೂದು ಯಾರೋ ಇಂಗ್ಲಿಷಿಗೆ ತಂದದ್ದನ್ನ ಮತ್ತೆ ಯಾರೋ ಕನ್ನಡಕ್ಕೆ ತಂದ ಮೇಲೆ. ಈ ಜಿಲ್ಲೆಯವರೇ ನಾಲ್ಕು ಜನ ನೇರ ಓದೋಕೆ ಕಲ್ತ್ರೆ ನಮ್ಮ ಚರಿತ್ರೆಗೆ ಎಷ್ಟು ಉಪಕಾರ! ತಾಸು ನಿಮ್ಮದು, ತೀರ್ಮಾನ ನಿಮ್ಮದು, ಆದ್ರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಿರ್ಸಿ_ತೋಟದಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೇರುಸೊಪ್ಪೆ ವಿಷಯ ಓದಿ ಮನಸ್ಸು ಅಲ್ಲಾಡಿದ್ದು ಹೌದು. ಆದ್ರೆ ಯಾರ ಹತ್ರ ಮಾತಾಡ್ತೀರಿ ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ನಮ್ಮನೇಲೇ ಇತ್ತು. ನಾದಿನಿ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ರ ಇದ್ದಾಳೆ, ಇಬ್ರು ಮಕ್ಕಳು. ದೊಡ್ಡವನಿಗೆ ಕನ್ನಡ ಅರ್ಥ ಆಗ್ತದೆ, ಸಣ್ಣವಳು ಪೂರ್ತಿ ಜರ್ಮನ್, ಇಂಗ್ಲಿಷ್ ಇನ್ನೂ ಶಾಲೆಯಲ್ಲಿ ಶುರು ಆಗ್ಲಿಲ್ಲ. ವಿಡಿಯೋ ಕಾಲಲ್ಲಿ ಅತ್ತೆ ಊಟ ಆಯ್ತನೇ ಅಂತ ಕೇಳ್ತಾರೆ, ಅವಳು ಏನೋ ಉದ್ದಕ್ಕೆ ಹೇಳ್ತಾಳೆ, ನಾದಿನಿ ಅಡುಗೆಮನೆಯಿಂದ ಬಂದು ಅರ್ಥ ಹೇಳೂವರೆಗೆ ಇಬ್ರೂ ಮುಖ ನೋಡ್ತಾ ಕೂತ್ಕೊಳ್ಳೂದು. ಮಧ್ಯ ನಿಂತು ಹೇಳೋರು ಒಬ್ರು ಈ ಮನೇಲೂ ಇದ್ರೆ ಒಳ್ಳೇದಲ್ದಾ. ಹಾಗಾಗಿ ಜರ್ಮನ್ ಅಂತ ಮಾಡಿದೆ. ಪರೀಕ್ಷೆ ಬೇಕೋ ಬೇಡ್ವೋ ಆಮೇಲೆ ನೋಡೂದು. ಎಲ್ಲಿಂದ ಶುರು ಮಾಡ್ಲಿ?

ಕೋಡಿಬಾಗ_ನರ್ಸ್:

ಬಹಳ ಒಳ್ಳೇದಾಯ್ತು ಅಕ್ಕಾ. ದುಡ್ಡು ಕೊಟ್ಟು ಈಗ್ಲೇ ಕ್ಲಾಸಿಗೆ ಸೇರ್ಬೇಡಿ, ಡಾಯ್ಚ ವೆಲೆ ಅಂತ ಜರ್ಮನಿಯ ಪ್ರಸಾರ ಸಂಸ್ಥೆ ಅದೆ, ಅವರ ಸೈಟಲ್ಲಿ ಎ1ರಿಂದ ಬಿ1ವರೆಗೆ ಪೂರ್ತಿ ಕೋರ್ಸ್ ಫ್ರೀ, ಅಲ್ಲಿಂದ ಹಿಡೀರಿ. ಶಬ್ದ ಬರ್ಕೊಳ್ಳುವಾಗ ಡೆರ್ ಡೀ ಡಾಸ್ ಬಿಡ್ಲೇಬೇಡಿ. ಸಂಖ್ಯೆ ಬಂದಾಗ ಕೊಂಕಣಿ ನೆನಪು ಮಾಡ್ಕೊಳ್ಳಿ, ಎಕ್ವೀಸ್ ಅಂದ ಹಾಗೆ ಅವರೂ ಒಂದು ಮೊದಲು, ಇಪ್ಪತ್ತು ಆಮೇಲೆ ಹೇಳೂದು, ಕನ್ನಡ ಮಾತ್ರ ಬರೋ ನನ್ನ ಫ್ರೆಂಡ್ಸ್ ಫೋನ್ ನಂಬರ್ ಕೇಳಿ ಬರ್ಕೊಳ್ಳೂದ್ರಲ್ಲೇ ಮಾರ್ಕ್ಸ್ ಕಳ್ಕೊಂಡಿದ್ರು.

ಮತ್ತೆ ಆ ಹುಡುಗಿ ಹತ್ರ ಮೊದಲ ವಾರದಿಂದಲೇ ಮಾತಾಡಿ, ಕಲ್ತ ಮೇಲೆ ಅಂತ ಕಾಯ್ಬೇಡಿ, ಮಕ್ಕಳು ತಪ್ಪು ತಿದ್ದೂದ್ರಲ್ಲಿ ಬಹಳ ಉಷಾರು, ಅವರಿಗೆ ಬೇಜಾರೂ ಇಲ್ಲ. ಇಲ್ಲಿ ರಾತ್ರಿ ಒಂಬತ್ತು ಅಂದ್ರೆ ಅಲ್ಲಿ ಬೇಸಿಗೆಯಲ್ಲಿ ಸಂಜೆ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ, ಶಾಲೆ ಮುಗ್ದು ಮನೇಲಿರ್ತಾಳೆ. ನಾದಿನಿಗೆ ಇವತ್ತೇ ಒಂದು ಮೆಸೇಜ್ ಹಾಕಿ.