ತಂಗಿಯ ಅಕೌಂಟ್‌ನಲ್ಲಿ ಬರೀ ‘ಡಮ್ಮಿ ಔಟ್‌ಪುಟ್’, ನನ್ನದರಲ್ಲಿ ಸೌಂಡ್ ಸರಿಯಾಗಿದೆ – ಡೆಬಿಯನ್ 12 [ಬಗೆಹರಿದಿದೆ]

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇದೆ. ಗ್ನೋಮ್ ಡೆಸ್ಕ್‌ಟಾಪ್, ಸೌಂಡ್ ನೋಡಿಕೊಳ್ಳಲು ಅದರ ಜೊತೆಗೇ ಬಂದ ಪೈಪ್‌ವೈರ್ ಅನ್ನುವ ಪ್ರೋಗ್ರಾಂ. ಇನ್‌ಸ್ಟಾಲ್ ಮಾಡುವಾಗ ಮಾಡಿಕೊಂಡ ನನ್ನ ಅಕೌಂಟ್‌ನಲ್ಲಿ ಯಾವ ತೊಂದರೆಯೂ ಇಲ್ಲ. ಕಳೆದ ವಾರ ತಂಗಿಗೆ ಇನ್ನೊಂದು ಅಕೌಂಟ್ ಮಾಡಿಕೊಟ್ಟೆ. ಅವಳು ಒಳಗೆ ಹೋದರೆ ಸ್ಪೀಕರ್ ಹೆಸರೇ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ (ನಿಜವಾದ ಸ್ಪೀಕರ್ ಸಿಗದಿದ್ದಾಗ ತೋರಿಸುವ ಹೆಸರು) ಅಂತ ಒಂದೇ ಸಾಲು. ಅವಳಿಗೆ ಆನ್‌ಲೈನ್ ಕ್ಲಾಸ್ ಇದೆ, ಸದ್ಯಕ್ಕೆ ನನ್ನ ಅಕೌಂಟ್‌ನಲ್ಲೇ ಕೂರಿಸುತ್ತಿದ್ದೇನೆ. ಇದು ಪರ್ಮಿಷನ್ ಸಮಸ್ಯೆ ಅನ್ನಿಸುತ್ತಿದೆ. ಎಲ್ಲಿಂದ ಹುಡುಕಲಿ?

ಉತ್ತರ 1

ಅವಳನ್ನು ಆಡಿಯೋ ಗ್ರೂಪ್‌ಗೆ (ಸೌಂಡ್ ಡಿವೈಸ್ ಬಳಸುವ ಹಕ್ಕಿರುವ ಅಕೌಂಟ್‌ಗಳ ಪಟ್ಟಿ) ಸೇರಿಸಿ, ಸರಿಹೋಗುತ್ತೆ. ‘ಸುಡೋ ಯೂಸರ್‌ಮಾಡ್ -ಜಿ ಆಡಿಯೋ’, ಆಮೇಲೆ ಅಕೌಂಟ್ ಹೆಸರು. ಜಿ ದೊಡ್ಡಕ್ಷರದಲ್ಲಿರಲಿ. ಒಮ್ಮೆ ರೀಬೂಟ್ ಮಾಡಿ.

ಪ್ರಶ್ನೆ ಕೇಳಿದವರು

ತಂಗಿಯ ಅಕೌಂಟ್‌ಗೆ ಮಾಡಿದೆ. ಇರಲಿ ಅಂತ ಅದರ ಬೆನ್ನಿಗೇ ನನ್ನದಕ್ಕೂ ಮಾಡಿದೆ. ರೀಬೂಟ್ ಆದ ಮೇಲೆ ತಂಗಿಗೆ ಅದೇ ಡಮ್ಮಿ ಔಟ್‌ಪುಟ್. ಈಗ ನನಗೆ ಸುಡೋನೂ (ಅಡ್ಮಿನ್ ಹಕ್ಕಿನಿಂದ ಕಮಾಂಡ್ ಓಡಿಸುವ ಸೌಲಭ್ಯ) ಹೋಗಿದೆ! ಪಾಸ್‌ವರ್ಡ್ ಸರಿ ಕೊಟ್ಟರೂ ‘ಸುಡೋಯರ್ಸ್ ಫೈಲ್‌ನಲ್ಲಿ ನೀವಿಲ್ಲ’ ಅನ್ನುತ್ತೆ. ರೂಟ್‌ಗೆ (ಮುಖ್ಯ ಅಡ್ಮಿನ್ ಅಕೌಂಟ್) ಪಾಸ್‌ವರ್ಡ್ ಇಟ್ಟಿರಲಿಲ್ಲ. ರಿಕವರಿ ಮೋಡ್‌ಗೆ ಹೋದರೆ ರೂಟ್ ಅಕೌಂಟ್ ಲಾಕ್ ಆಗಿದೆ ಅಂತ ನಿಂತುಬಿಡುತ್ತೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಉತ್ತರ 2

ಗಾಬರಿ ಬೇಡ, ಫೈಲ್‌ಗಳೆಲ್ಲ ಹಾಗೇ ಇವೆ. ಮೊದಲು ಸುಡೋ ವಾಪಸ್ ತರೋಣ, ಸೌಂಡ್ ಆಮೇಲೆ. ಕಮಾಂಡ್‌ಗಳನ್ನು ಉಚ್ಚಾರದ ಪ್ರಕಾರ ಬರೆಯುತ್ತೇನೆ, ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಆಗಿದ್ದು ಇಷ್ಟು: ಯೂಸರ್‌ಮಾಡ್‌ಗೆ ದೊಡ್ಡ ಜಿ ಒಂದನ್ನೇ ಕೊಟ್ಟರೆ ‘ಈ ಗ್ರೂಪ್‌ಗೂ ಸೇರಿಸು’ ಅಂತ ಅರ್ಥವಲ್ಲ, ‘ಇನ್ನು ಮೇಲೆ ಇವರಿಗೆ ಇದೊಂದೇ ಹೆಚ್ಚುವರಿ ಗ್ರೂಪ್’ ಅಂತ ಅರ್ಥ. ನೀವು ಇದ್ದ ಸುಡೋ, ವಿಡಿಯೋ, ಪ್ಲಗ್‌ಡೆವ್, ನೆಟ್‌ಡೆವ್ ಎಲ್ಲವೂ ಅದೇ ಏಟಿಗೆ ಹೋದವು. ಅದರ ಮುಂದೆ ಸಣ್ಣ ಎ ಇರಲೇಬೇಕು: -ಎಜಿ. ಉತ್ತರ 1 ಬರೆದವರಲ್ಲಿ ವಿನಂತಿ, ದಯವಿಟ್ಟು ಆ ಸಾಲನ್ನು ತಿದ್ದಿ. ಈ ಒಂದು ಅಕ್ಷರ ಬಿಟ್ಟು ಕೈ ಸುಟ್ಟುಕೊಂಡವರನ್ನು ತುಂಬಾ ನೋಡಿದ್ದೇನೆ.

ರಿಪೇರಿ ಹೀಗೆ. ಮೆಷಿನ್ ಆನ್ ಮಾಡಿದಾಗ ಮೊದಲು ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ‘ಇನಿಟ್=/ಬಿನ್/ಬ್ಯಾಶ್’ ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿ. ಪಾಸ್‌ವರ್ಡ್ ಕೇಳದೆ ರೂಟ್ ಪ್ರಾಂಪ್ಟ್ ಬರುತ್ತೆ. ‘ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /’ ಕೊಟ್ಟು ಡಿಸ್ಕ್‌ಗೆ ಬರೆಯುವ ಹಾಗೆ ಮಾಡಿಕೊಳ್ಳಿ. ಇಲ್ಲೊಂದು ನಿಮಿಷ ನಿಲ್ಲಿ. /ಇಟಿಸಿ/ಗ್ರೂಪ್ ಫೈಲ್ ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ ಒಂದು ಅಡ್ಡಗೆರೆ ಇರುವ ‘ಗ್ರೂಪ್-’ ಅನ್ನುವ ಫೈಲ್ ಇರುತ್ತೆ. ಅದು ಕೊನೆಯ ಬದಲಾವಣೆಗೆ ಮುಂಚಿನ ಪ್ರತಿ. ನೀವು ತಂಗಿಯದನ್ನು ಮೊದಲು, ನಿಮ್ಮದನ್ನು ಆಮೇಲೆ ಮಾಡಿದ್ದರಿಂದ ನಿಮ್ಮ ಹಳೆಯ ಗ್ರೂಪ್‌ಗಳೆಲ್ಲ ಅದರಲ್ಲಿ ಉಳಿದಿರಬೇಕು. ಮುಂದಿನ ಯೂಸರ್‌ಮಾಡ್ ಅದರ ಮೇಲೆಯೇ ಬರೆದುಬಿಡುತ್ತೆ, ಹಾಗಾಗಿ ಮೊದಲು ‘ಗ್ರೆಪ್’ (ಫೈಲ್‌ನಲ್ಲಿ ಪದ ಹುಡುಕುವ ಕಮಾಂಡ್) ಹಾಕಿ ನಿಮ್ಮ ಹೆಸರಿರುವ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ‘ಯೂಸರ್‌ಮಾಡ್ -ಎಜಿ’ ಕೊಟ್ಟು, ಆ ಗ್ರೂಪ್‌ಗಳನ್ನು ನಡುವೆ ಜಾಗ ಬಿಡದೆ ಕಾಮಾ ಹಾಕಿ, ಕೊನೆಗೆ ನಿಮ್ಮ ಅಕೌಂಟ್ ಹೆಸರು ಹೊಡೆಯಿರಿ. ‘ಸಿಂಕ್’, ನಂತರ ‘ರೀಬೂಟ್ -ಎಫ್’.

ಇನ್ನು ಸೌಂಡ್ ವಿಚಾರ. ಒಂದು ಪ್ರಶ್ನೆ: ತಂಗಿ ಬರುವಾಗ ನೀವು ಲಾಗೌಟ್ ಮಾಡುತ್ತೀರೋ, ‘ಸ್ವಿಚ್ ಯೂಸರ್’ ಒತ್ತುತ್ತೀರೋ?

ಪ್ರಶ್ನೆ ಕೇಳಿದವರು

ಸುಡೋ ಬಂತು ಸರ್! ಆ ‘ಗ್ರೂಪ್-’ ಫೈಲ್ ಇರುವುದೇ ಗೊತ್ತಿರಲಿಲ್ಲ. ಒಂಬತ್ತು ಗ್ರೂಪ್ ಇದ್ದವು, ಎಲ್ಲ ವಾಪಸ್ ಹಾಕಿದೆ. ತುಂಬಾ ಧನ್ಯವಾದ.

ಯಾವಾಗಲೂ ಸ್ವಿಚ್ ಯೂಸರ್ ಮಾಡುವುದು, ನನ್ನ ಕೆಲಸ ಎಲ್ಲಾ ತೆರೆದೇ ಇರುತ್ತೆ. ನೀವು ಕೇಳಿದ ಮೇಲೆ ನೆನಪಾಯಿತು: ಒಂದು ದಿನ ಬೆಳಿಗ್ಗೆ ಮೆಷಿನ್ ಆನ್ ಮಾಡಿ ತಂಗಿಯೇ ಮೊದಲು ಲಾಗಿನ್ ಆಗಿದ್ದಳು, ಅವತ್ತು ಸೌಂಡ್ ಬಂದಿತ್ತು. ಏನೋ ಕಾಕತಾಳೀಯ ಅಂದುಕೊಂಡೆ.

ಉತ್ತರ 2

ಕಾಕತಾಳೀಯ ಅಲ್ಲ, ಗಂಟು ಇರುವುದೇ ಅಲ್ಲಿ. ನಿಮ್ಮ ಸೆಷನ್ ತೆರೆದಿಟ್ಟು, ಸ್ವಿಚ್ ಮಾಡಿ, ತಂಗಿಯ ಪರದೆಯಲ್ಲಿ ಕೂತು ಎರಡು ಕಮಾಂಡ್ ಓಡಿಸಿ. ಒಂದು ‘ಗೆಟ್‌ಎಫ್‌ಎಸಿಎಲ್ /ಡೆವ್/ಎಸ್‌ಎನ್‌ಡಿ/ಕಂಟ್ರೋಲ್‌ಸಿ0’, ಸೌಂಡ್ ಕಾರ್ಡ್ ಮೇಲೆ ಯಾರಿಗೆ ಹಕ್ಕಿದೆ ಅಂತ ತೋರಿಸುತ್ತೆ. ಇನ್ನೊಂದು ‘ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/*’, ಅದನ್ನು ಈಗ ಯಾರು ಹಿಡಿದಿದ್ದಾರೆ ಅಂತ ತೋರಿಸುತ್ತೆ. ಎರಡನೆಯದನ್ನು ರೂಟ್ ಆಗಿ ಓಡಿಸಬೇಕು, ಇಲ್ಲದಿದ್ದರೆ ಬೇರೆಯವರ ಪ್ರೋಸೆಸ್ ಕಾಣುವುದಿಲ್ಲ. ಗೆಟ್‌ಎಫ್‌ಎಸಿಎಲ್ ಇಲ್ಲವೆಂದರೆ ‘ಎಸಿಎಲ್’ ಪ್ಯಾಕೇಜ್ ಹಾಕಿಕೊಳ್ಳಿ, ಫ್ಯೂಸರ್ ಇಲ್ಲವೆಂದರೆ ‘ಪಿಎಸ್‌ಮಿಸ್ಕ್’.

ಪ್ರಶ್ನೆ ಕೇಳಿದವರು

ಮೊದಲನೆಯದು:

ಯೂಸರ್::ಆರ್‌ಡಬ್ಲ್ಯೂ-
ಯೂಸರ್:ತಂಗಿ:ಆರ್‌ಡಬ್ಲ್ಯೂ-
ಗ್ರೂಪ್::ಆರ್‌ಡಬ್ಲ್ಯೂ-
ಮಾಸ್ಕ್::ಆರ್‌ಡಬ್ಲ್ಯೂ-
ಅದರ್::---

ಎರಡನೆಯದರಲ್ಲಿ ‘ಪಿಸಿಎಂಸಿ0ಡಿ0ಪಿ’ ಮುಂದೆ ನನ್ನ ಅಕೌಂಟ್ ಹೆಸರು, ಪಕ್ಕದಲ್ಲಿ ‘ಪೈಪ್‌ವೈರ್’ ಅಂತಿದೆ. ತಂಗಿಗೆ ಪರ್ಮಿಷನ್ ಇದ್ದೇ ಇದೆ ಅಂತಾಯಿತಲ್ಲ? ಮತ್ತೆ ಯಾಕೆ ಬರುತ್ತಿಲ್ಲ?

ಉತ್ತರ 2

ಹೌದು, ಅವಳಿಗೆ ಕೊಡಬೇಕಾದ ಹಕ್ಕನ್ನು ಸಿಸ್ಟಮ್ ಕೊಟ್ಟಾಗಿದೆ. ತೊಂದರೆ ಇರುವುದು ನಿಮ್ಮ ಅಕೌಂಟ್‌ನಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ‘ಆಡಿಯೋ ಗ್ರೂಪ್‌ಗೆ ಸೇರಿಸಿ’ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಲೇ ಇದೆ.

ಮೊದಲು ಆ ಸಾಲನ್ನು ಓದೋಣ. ‘ಪಿಸಿಎಂ’ ಅಂದರೆ ದನಿ ಹರಿಯುವ ಡಿವೈಸ್. ‘ಸಿ0’ ಅಂದರೆ 0ನೇ ಕಾರ್ಡ್, ‘ಡಿ0’ ಅಂದರೆ ಅದರ 0ನೇ ಡಿವೈಸ್. ಕೊನೆಯ ‘ಪಿ’ ಪ್ಲೇಬ್ಯಾಕ್. ಮೈಕ್ ಆಗಿದ್ದರೆ ಕೊನೆಯಲ್ಲಿ ಕ್ಯಾಪ್ಚರ್‌ನ ‘ಸಿ’ ಇರುತ್ತೆ. ಅಂದರೆ ನೀವು ಪರದೆ ಬಿಟ್ಟು ಎದ್ದ ಮೇಲೂ ನಿಮ್ಮ ಪೈಪ್‌ವೈರ್ ಸ್ಪೀಕರ್ ಹಿಡಿದುಕೊಂಡೇ ಕೂತಿದೆ. ನಿಮ್ಮ ಬ್ರೌಸರ್‌ನಲ್ಲಿ ಯಾವುದಾದರೂ ಟ್ಯಾಬ್ ಆಡಿಯೋ ತೆರೆದಿಟ್ಟುಕೊಂಡಿರಬೇಕು. ಅದೂ ಇಲ್ಲದಿದ್ದರೆ ಪೈಪ್‌ವೈರ್ ಕೆಲವು ಸೆಕೆಂಡ್ ಸುಮ್ಮನಿದ್ದು ತಾನೇ ಡಿವೈಸ್ ಬಿಡುತ್ತೆ. ಲ್ಯಾಪ್‌ಟಾಪ್ ಒಳಗಿನ ಸಾಮಾನ್ಯ ಸೌಂಡ್ ಚಿಪ್‌ನ ಈ ಡಿವೈಸನ್ನು ಒಂದು ಸಲಕ್ಕೆ ಒಬ್ಬರೇ ತೆರೆಯಬಹುದು. ತಂಗಿಯ ಪೈಪ್‌ವೈರ್ ಎದ್ದು ಕಾರ್ಡ್ ಪರೀಕ್ಷೆ ಮಾಡಿದಾಗ ‘ಬ್ಯುಸಿ’ ಅಂತ ಉತ್ತರ ಬರುತ್ತೆ, ಅದು ಬೇರೆ ದಾರಿಯಿಲ್ಲದೆ ಡಮ್ಮಿ ಔಟ್‌ಪುಟ್ ತೋರಿಸುತ್ತೆ.

ಈಗಿನ ಡೆಸ್ಕ್‌ಟಾಪ್‌ಗಳಲ್ಲಿ ಪರ್ಮಿಷನ್ ಹಂಚುವ ಕೆಲಸ ಗ್ರೂಪ್‌ನದಲ್ಲ, ಸಿಸ್ಟಮ್‌ಡಿಯ ಲಾಗಿನ್‌ಡಿಯದು (ಯಾರು ಲಾಗಿನ್ ಆಗಿದ್ದಾರೆ ಅಂತ ನೋಡಿಕೊಳ್ಳುವ ಹಿನ್ನೆಲೆ ಸರ್ವಿಸ್). ಪರದೆ, ಕೀಬೋರ್ಡ್, ಸೌಂಡ್ ಕಾರ್ಡ್ ಎಲ್ಲ ಸೇರಿ ‘ಸೀಟ್0’ ಅಂತ ಒಂದು ಆಸನ. ಆ ಹೊತ್ತಿಗೆ ಆ ಆಸನದಲ್ಲಿ ಯಾರ ಸೆಷನ್ ಮುಂದಿದೆಯೋ ಅವರ ಹೆಸರಲ್ಲಿ ಡಿವೈಸ್ ಫೈಲ್ ಮೇಲೆ ಎಸಿಎಲ್ (ಯಾರಿಗೆ ಏನು ಹಕ್ಕು ಅನ್ನುವ ಪಟ್ಟಿ) ಸಾಲೊಂದು ಬೀಳುತ್ತೆ. ನೀವು ನೋಡಿದ ‘ಯೂಸರ್:ತಂಗಿ’ ಅದೇ. ನೀವು ಸ್ವಿಚ್ ಮಾಡಿದ ಕ್ಷಣ ನಿಮ್ಮ ಸಾಲು ಅಳಿಸಿಹೋಗಿ ಅವಳದು ಬಂತು. ‘ಎಲ್‌ಎಸ್ -ಎಲ್’ ಹೊಡೆದಾಗ ಪರ್ಮಿಷನ್ ಅಕ್ಷರಗಳ ಕೊನೆಗೆ ಒಂದು ಪ್ಲಸ್ ಕಾಣುತ್ತಲ್ಲ, ಅದು ಈ ಎಸಿಎಲ್‌ನ ಗುರುತು.

ಪೈಪ್‌ವೈರ್ ಈ ಫೈಲ್‌ಗಳ ಮೇಲೆ ಕಣ್ಣಿಟ್ಟಿರುತ್ತೆ. ‘ನನಗಿನ್ನು ಇದನ್ನು ತೆರೆಯುವ ಹಕ್ಕಿಲ್ಲ’ ಅಂತ ಗೊತ್ತಾದರೆ ಕಾರ್ಡ್ ಬಿಟ್ಟುಕೊಡುತ್ತೆ. ನಿಮ್ಮ ವಿಷಯದಲ್ಲಿ ಹಾಗೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ಡೆಬಿಯನ್ ಇನ್‌ಸ್ಟಾಲರ್ ಮೊದಲ ಅಕೌಂಟನ್ನು ತಾನಾಗಿಯೇ ಆಡಿಯೋ ಗ್ರೂಪ್‌ಗೆ ಸೇರಿಸಿರುತ್ತೆ. ಎಸಿಎಲ್ ಹೋದರೂ ಗ್ರೂಪ್ ಮೂಲಕ ಬಾಗಿಲು ತೆರೆದೇ ಇದೆ. ಹಾಗಾಗಿ ಅದು ಬಿಡುವುದಿಲ್ಲ.

ಪರಿಹಾರ ಎಲ್ಲರೂ ಹೇಳುವುದಕ್ಕೆ ತದ್ವಿರುದ್ಧ. ಇಬ್ಬರನ್ನೂ ಆಡಿಯೋ ಗ್ರೂಪ್‌ನಿಂದ ತೆಗೆಯಿರಿ: ‘ಸುಡೋ ಜಿಪಾಸ್‌ವರ್ಡ್ -ಡಿ’, ಅಕೌಂಟ್ ಹೆಸರು, ‘ಆಡಿಯೋ’. ಕಮಾಂಡ್‌ನ ಸ್ಪೆಲಿಂಗ್ ‘ಪಾಸ್‌ವರ್ಡ್’ ಕಮಾಂಡ್‌ನದೇ, ಮುಂದೊಂದು ಜಿ. ಬರೀ ಲಾಗೌಟ್ ಸಾಕಾಗದಿರಬಹುದು, ಹಿನ್ನೆಲೆಯ ಯೂಸರ್ ಸರ್ವಿಸ್‌ಗಳು ಹಳೆಯ ಗ್ರೂಪ್ ಇಟ್ಟುಕೊಂಡೇ ಓಡುತ್ತಿರುತ್ತವೆ. ರೀಬೂಟ್ ಮಾಡಿ, ‘ಐಡಿ’ ಹೊಡೆದು ಆಡಿಯೋ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಸೌಂಡ್ ಸರಿಹೋಗುವುದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದಿದೆ. ಆ ಗ್ರೂಪ್‌ಗೆ ಸ್ಪೀಕರ್ ಮಾತ್ರವಲ್ಲ, ಮೈಕ್ ಕೂಡ ಸೇರಿದೆ. ಗ್ರೂಪ್‌ನಲ್ಲಿರುವವರು ಬೇರೆ ಊರಲ್ಲಿ ಕೂತು ಎಸ್‌ಎಸ್‌ಎಚ್ (ನೆಟ್‌ವರ್ಕ್‌ನಿಂದ ದೂರದ ಮೆಷಿನ್‌ಗೆ ಲಾಗಿನ್ ಆಗುವ ವಿಧಾನ) ಮೂಲಕ ಬಂದರೂ ಮೆಷಿನ್ ಮುಂದೆ ಕೂತವರ ಮಾತು ರೆಕಾರ್ಡ್ ಮಾಡಬಹುದು. ತಂಗಿ ಕ್ಲಾಸ್‌ನಲ್ಲಿ ಕೂತಾಗ ಅವಳ ಮೈಕ್ ಅವಳೊಬ್ಬಳದೇ ಆಗಿರಬೇಕು. /ಡೆವ್/ಎಸ್‌ಎನ್‌ಡಿ ಮೇಲೆ ‘ಸಿಎಚ್‌ಮಾಡ್ 666’ ಹೊಡೆಯಿರಿ ಅಂತ ಯಾರಾದರೂ ಹೇಳಿದರೆ ಇದೇ ಕಾರಣಕ್ಕೆ ಕೇಳಬೇಡಿ. ಅದು ಮೈಕನ್ನು ಎಲ್ಲರಿಗೂ ತೆರೆದಿಡುತ್ತೆ, ರೀಬೂಟ್ ಆದರೆ ಉಳಿಯುವುದೂ ಇಲ್ಲ.

ಉತ್ತರ 3

ಒಳ್ಳೆಯ ವಿವರಣೆ. ಆದರೆ ನನ್ನ ಹಳೆ ಮೆಷಿನ್‌ಗೆ ಪರದೆಯೇ ಇಲ್ಲ. ಹಾಡು ನುಡಿಸುವ ಎಂಪಿಡಿ ಪ್ರೋಗ್ರಾಂ ಸಿಸ್ಟಮ್ ಸರ್ವಿಸ್ ಆಗಿ ಓಡುತ್ತೆ, ನಾನು ಎಸ್‌ಎಸ್‌ಎಚ್‌ನಲ್ಲಿ ಮಾತ್ರ ಹೋಗುವುದು. ಅಲ್ಲಿ ಆಡಿಯೋ ಗ್ರೂಪ್ ತೆಗೆದರೆ ಹಾಡೇ ನಿಲ್ಲುತ್ತೆ.

ಉತ್ತರ 2

ನಿಮ್ಮದರಲ್ಲಿ ತೆಗೆಯಬೇಡಿ, ಆ ಗ್ರೂಪ್ ಇರುವುದೇ ಅಂಥ ಕೆಲಸಕ್ಕೆ. ಎಸ್‌ಎಸ್‌ಎಚ್ ಸೆಷನ್‌ಗಾಗಲಿ ಸಿಸ್ಟಮ್ ಸರ್ವಿಸ್‌ಗಾಗಲಿ ಸೀಟ್ ಇಲ್ಲ, ಹಾಗಾಗಿ ಎಸಿಎಲ್ ಬೀಳುವುದೇ ಇಲ್ಲ. ಸರ್ವಿಸ್‌ನ ಅಕೌಂಟ್ ಮಾತ್ರ ಗ್ರೂಪ್‌ನಲ್ಲಿರಲಿ, ನಿಮ್ಮ ಸ್ವಂತ ಅಕೌಂಟ್‌ಗೆ ಬೇಕಾಗಿಲ್ಲ. ಡೆಸ್ಕ್‌ಟಾಪ್ ಇರುವ ಮೆಷಿನ್‌ನಲ್ಲಾದರೆ ಎಂಪಿಡಿಯನ್ನು ಯೂಸರ್ ಸರ್ವಿಸ್ ಆಗಿ ಓಡಿಸುವುದು ಮೇಲು. ಸಿಸ್ಟಮ್ ಸರ್ವಿಸ್ ಆದರೆ ನಿಮ್ಮ ಪೈಪ್‌ವೈರ್ ಸಾಕೆಟ್ (ಬೇರೆ ಪ್ರೋಗ್ರಾಂಗಳು ಅದನ್ನು ಸಂಪರ್ಕಿಸುವ ಫೈಲ್) ಇರುವ /ರನ್/ಯೂಸರ್/1000 ಒಳಗೆ ಕಾಲಿಡಲೂ ಅದಕ್ಕೆ ಆಗುವುದಿಲ್ಲ, ಆ ಫೋಲ್ಡರ್‌ನ ಪರ್ಮಿಷನ್ 0700, ಅಂದರೆ ಅದರ ಮಾಲೀಕರಿಗೆ ಮಾತ್ರ.

ಓಪನ್‌ಬಿಎಸ್‌ಡಿ (ಲಿನಕ್ಸ್ ಅಲ್ಲದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಬಳಸುವವರಿಗೆ ಇದಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಮೈಕ್‌ನಿಂದ ಮೌನವೇ ಬರುತ್ತಿದ್ದರೆ ಗ್ರೂಪ್ ಹುಡುಕಬೇಡಿ, ‘ಕರ್ನ್.ಆಡಿಯೋ.ರೆಕಾರ್ಡ್’ ಅನ್ನುವ ಸಿಸ್‌ಸಿಟಿಎಲ್ (ಸಿಸ್ಟಮ್ ಸೆಟ್ಟಿಂಗ್) ಮೊದಲಿಂದಲೂ 0 ಇರುತ್ತೆ. ಅದನ್ನು 1 ಮಾಡಿ.

ಪ್ರಶ್ನೆ ಕೇಳಿದವರು

ಇಬ್ಬರನ್ನೂ ಗ್ರೂಪ್‌ನಿಂದ ತೆಗೆದು ರೀಬೂಟ್ ಮಾಡಿದೆ. ನನ್ನ ಅಕೌಂಟ್‌ನಲ್ಲಿ ಹಾಡು ಹಾಕಿಟ್ಟೇ ಸ್ವಿಚ್ ಯೂಸರ್ ಒತ್ತಿದೆ. ಹಾಡು ಅಲ್ಲೇ ನಿಂತಿತು, ತಂಗಿಯ ಕಡೆ ಸ್ಪೀಕರ್ ಹೆಸರು ಬಂತು, ಮೈಕ್ ಕೂಡ. ವಾಪಸ್ ನನ್ನದಕ್ಕೆ ಬಂದಾಗ ನನ್ನ ಸೌಂಡ್ ಮತ್ತೆ ಸರಿಯಾಗಿದೆ. ಫ್ಯೂಸರ್‌ನಲ್ಲಿ ಈಗ ಯಾರು ಮುಂದೆ ಕೂತಿದ್ದಾರೋ ಅವರ ಹೆಸರು ಮಾತ್ರ. ನಾಳೆಯ ಕ್ಲಾಸ್‌ಗೆ ಅವಳು ಅವಳ ಅಕೌಂಟ್‌ನಲ್ಲೇ ಕೂರುತ್ತಾಳೆ.